ಅಯ್ಯನವರ ಪಾಲಿನ ಹಿಟ್ಟು

ನಾನು ಹತ್ತು ವರ್ಷ ಬಡವರನ್ನು ಹುಡುಕುವ ಕೆಲಸ ಮಾಡಿದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬಡವರನ್ನು ಹುಡುಕುವುದೇನು ಕಷ್ಟ, ಜೀಪಿನಿಂದ ಇಳಿದು ಎಡಕ್ಕೆ ತಿರುಗಿದರೆ ಸಿಗುತ್ತಾರೆ ಎಂದು ನೀವು ನಗಬಹುದು. ಆದರೆ ನಮ್ಮ ಸಂಸ್ಥೆಗೆ ಬೇಕಾಗಿದ್ದದ್ದು ಬರೀ ಬಡವರಲ್ಲ, ಕಡುಬಡವರು. ಊರಿನಲ್ಲಿ ಎಲ್ಲಕ್ಕಿಂತ ಕೆಳಗಿನ ಮನೆ ಯಾವುದು ಎಂಬುದು ಹೊರದೇಶದಿಂದ ಹಣ ಕಳಿಸುವವರಿಗೆ ತಿಳಿಯಬೇಕಿತ್ತು, ಅದೂ ಊರವರ ಬಾಯಿಂದಲೇ ತಿಳಿಯಬೇಕಿತ್ತು. ಅದಕ್ಕಾಗಿ ನಮಗೊಂದು ಪದ್ಧತಿ ಕಲಿಸಿದ್ದರು. ಅದರಲ್ಲಿ ನನ್ನಷ್ಟು ಪಳಗಿದವರು ಗುಲ್ಬರ್ಗಾ ಜಿಲ್ಲೆಯಲ್ಲೇ ಇಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಈಗ ಅದೇ ಮಾತನ್ನು ನನ್ನನ್ನು ನಾನೇ ಬೈದುಕೊಳ್ಳಲು ಬಳಸುತ್ತೇನೆ.

ನನ್ನ ಊರು ಕಡಗಂಚಿ. ಈಗ ಅಲ್ಲಿ ವಿಶ್ವವಿದ್ಯಾಲಯ ಬಂದು ದೊಡ್ಡ ಹೆಸರಾಗಿದೆ. ನಾನು ಹುಡುಗಿಯಾಗಿದ್ದ ಎಪ್ಪತ್ತರ ದಶಕದಲ್ಲಿ ಅದು ಆಳಂದದ ದಾರಿಯಲ್ಲಿ ಬಸ್ಸು ನಿಲ್ಲುವ ಒಂದು ಊರು, ಅಷ್ಟೆ. ನಮ್ಮದು ಬಸವಣ್ಣನನ್ನು ನಂಬಿದ ಮನೆ. ಸೋಮವಾರ ಬೆಳಿಗ್ಗೆ ಜಂಗಮರು ಜೋಳಿಗೆ ಹಾಕಿಕೊಂಡು ಗಂಟೆ ಬಾರಿಸುತ್ತ ಬರುತ್ತಿದ್ದರು. ನಾವು ಅವರನ್ನು ಅಯ್ಯನವರು ಎನ್ನುತ್ತಿದ್ದೆವು. ಅಜ್ಜಿ ನನ್ನ ಎರಡೂ ಅಂಗೈ ಕೂಡಿಸಿ, ಅದರ ತುಂಬ ಜೋಳದ ಹಿಟ್ಟು ಹಾಕಿ ಹೊಸ್ತಿಲಿಗೆ ಕಳಿಸುತ್ತಿದ್ದಳು. ಚೆಲ್ಲಿದರೆ ಬೆನ್ನಿಗೆ ಏಟು ಬೀಳುತ್ತಿತ್ತು. ಗುಲ್ಬರ್ಗಾಕ್ಕೆ ಹೋಗಿ ಬಿ.ಎ. ಮುಗಿಸುವಷ್ಟರಲ್ಲಿ ನಾನು ಆ ಹಿಟ್ಟು, ಆ ಗಂಟೆ, ಅಜ್ಜಿ ಎಲ್ಲವನ್ನೂ ಮೌಢ್ಯದ ಲೆಕ್ಕಕ್ಕೆ ಹಾಕಿ ಕೈ ತೊಳೆದುಕೊಂಡಿದ್ದೆ. ಎಂಬತ್ತರ ದಶಕದ ಕೊನೆಗೆ ಆಳಂದದಲ್ಲಿ ಸಂಸ್ಥೆಯ ಕೆಲಸ ಸಿಕ್ಕಿತು. ಕಚೇರಿ ಒಂದು ಅಡತಿ ಅಂಗಡಿಯ ಮಹಡಿಯ ಮೇಲಿತ್ತು. ಕೆಳಗೆ ವ್ಯಾಪಾರಿಗಳು ತೊಗರಿ ತೂಗುತ್ತಿದ್ದರು, ಮೇಲೆ ನಾವು ಬಡತನ ತೂಗುತ್ತಿದ್ದೆವು.

ಪದ್ಧತಿ ಸರಳವಾಗಿತ್ತು. ಊರಿನ ಪ್ರತಿ ಮನೆಗೆ ಒಂದು ಚೀಟಿ. ಓದು ಬಾರದ ಹೆಂಗಸರಿಗೂ ತಿಳಿಯಲಿ ಎಂದು ಚೀಟಿಯ ಮೇಲೆ ಅಕ್ಷರದ ಬದಲು ಚಿತ್ರ: ಬಾಗಿಲಲ್ಲಿ ಬೇವಿನ ಮರವಿದ್ದರೆ ಮರ, ಎಮ್ಮೆ ಇದ್ದರೆ ಎಮ್ಮೆ. ಗುಡಿಯ ಅಂಗಳದಲ್ಲಿ ಹೆಂಗಸರು ಕೂತು ಆ ಚೀಟಿಗಳನ್ನು ನಾಲ್ಕು ಗುಂಪು ಮಾಡಬೇಕು. ಉಂಡು ಮಿಗುವ ಮನೆ, ಉಂಡು ಕೊಡುವ ಮನೆ, ಉಣ್ಣಲು ಮಾತ್ರ ಇರುವ ಮನೆ, ಒಲೆ ಉರಿಯದ ಮನೆ. ಕೊನೆಯ ಗುಂಪಿನವರಿಗೆ ಆಷಾಢದಿಂದ ದೀಪಾವಳಿಯವರೆಗೆ ಸಂಸ್ಥೆಯಿಂದ ಜೋಳದ ಚೀಲಗಳು. ಗುಂಪು ಮಾಡುವಾಗ ನಾವು ಬಾಯಿ ಹಾಕಬಾರದು, ಊರು ಹೇಳಿದ್ದೇ ಕೊನೆ. ಈ ನಿಯಮಕ್ಕೆ ಕಾರಣವಿತ್ತು. ಜೇವರ್ಗಿ ತಾಲ್ಲೂಕಿನಲ್ಲಿ ಮೊದಲು ನಾವೇ ಪಟ್ಟಿ ಮಾಡಲು ಹೋದಾಗ ಊರಿನ ದೊಡ್ಡವರ ಸೋದರಳಿಯಂದಿರೆಲ್ಲ ಇದ್ದಕ್ಕಿದ್ದಂತೆ ಕಡುಬಡವರಾಗಿಬಿಟ್ಟಿದ್ದರು. ಅಲ್ಲಿ ಮೂಗು ಕೊಯ್ಯಿಸಿಕೊಂಡ ಮೇಲೆ ನಮ್ಮ ನಿರ್ದೇಶಕರು ನಿಯಮವನ್ನು ದೇವರ ಮಾತಿನಂತೆ ಪಾಲಿಸುತ್ತಿದ್ದರು.

ನಾನು ಹೇಳಬೇಕಾಗಿರುವ ಊರು ಅಫಜಲಪುರ ತಾಲ್ಲೂಕಿನದು, ಮಣ್ಣೂರ ದಾಟಿ ಭೀಮೆಯ ದಡದಲ್ಲಿದೆ. ಅಲ್ಲಿ ಲಿಂಗಾಯತರ ಓಣಿಯ ಕೊನೆಯಲ್ಲಿ ಒಬ್ಬಳು ಹೆಂಗಸು ಎರಡು ಹೆಣ್ಣುಮಕ್ಕಳ ಜೊತೆ ಇದ್ದಳು. ಗಂಡ ಬೊಂಬಾಯಿಗೆ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ, ಸತ್ತ ಸುದ್ದಿಯೂ ಇರಲಿಲ್ಲ. ಹಾಗಾಗಿ ಅವಳ ಹಣೆಯಲ್ಲಿ ಕುಂಕುಮ ಉಳಿದಿತ್ತು. ಹೊಲವಿಲ್ಲ, ದನವಿಲ್ಲ. ಅವಳ ಚೀಟಿಗೆ ಏನು ಬರೆಯಲಿ ಎಂದು ಕೇಳಿದರೆ ಹೆಂಗಸರೆಲ್ಲ ಒಂದೇ ಬಾಯಿಗೆ "ಕೈ ಬರೀರಿ" ಎಂದರು. ಅವಳ ಕೈಗುಣ ದೊಡ್ಡದು ಎಂದು ಊರ ನಂಬಿಕೆ. ಮದುವೆಯ ಶಾವಿಗೆಗೆ ಮೊದಲ ಹಿಟ್ಟು ಕಲಸಲು ಅವಳೇ ಬೇಕು. ನೆಲದೊಳಗಿನ ಜೋಳದ ಕಣಜ, ಅಂದರೆ ಹಗೇವು, ತೆಗೆದಾಗ ಮೊದಲ ಸೇರು ಅವಳ ಕೈಯಿಂದಲೇ ಅಳೆಯಬೇಕು. ಮುಸಲರ, ಅಂದರೆ ಮುಸಲ್ಮಾನರ, ಮನೆಯ ರಂಜಾನ್ ಹಬ್ಬದ ಸುರಕುಂಬ ಪಾಯಸಕ್ಕೂ ಶಾವಿಗೆ ಅವಳೇ ಹೊಸೆದು ಕೊಡಬೇಕು. ಕರೆದವರ ಮನೆಯಲ್ಲಿ ಮೂವರೂ ಉಣ್ಣುತ್ತಿದ್ದರು, ಬರುವಾಗ ಉಡಿಯಲ್ಲಿ ಕಾಳು ಹಾಕಿ ಕಳಿಸುತ್ತಿದ್ದರು. ನಾನು ನನ್ನ ಪುಸ್ತಕದಲ್ಲಿ ಇದನ್ನು 'ಸ್ಥಳೀಯ ನಂಬಿಕೆಗಳು' ಎಂಬ ತಲೆಬರಹದ ಕೆಳಗೆ ಬರೆದುಕೊಂಡು ಪುಟ ತಿರುಗಿಸಿದೆ.

ಊರಲ್ಲಿ ತಂಗುವಾಗ ನನಗೆ ಅವಳ ಮನೆಯನ್ನೇ ಗೊತ್ತುಮಾಡಿದ್ದರು. ಮೊದಲ ದಿನ ಎರಡು ಬಿಸಿ ರೊಟ್ಟಿ, ಪುಂಡಿಪಲ್ಯೆ ಬಡಿಸಿದಳು. "ನಾವು ಉಂಡೇವ್ರಿ, ನೀವು ಉಣ್ರಿ" ಎಂದಳು. ಅವಳ ರೊಟ್ಟಿ ಚೆನ್ನಾಗಿತ್ತು, ನಾನು ಇನ್ನರ್ಧ ಕೇಳಿ ಹಾಕಿಸಿಕೊಂಡೆ. ಮರುದಿನ ಸೋಮವಾರ. ಬೆಳಿಗ್ಗೆ ನೀರು ತೆಗೆದುಕೊಳ್ಳಲು ಒಳಗೆ ಹೋದವಳು ಹಿಟ್ಟಿನ ಗಡಿಗೆಯೊಳಗೆ ಇಣುಕಿದೆ. ಬಡವರ ಗಡಿಗೆಯಲ್ಲಿ ಇಣುಕುವುದು ನನ್ನ ಕಸುಬಾಗಿತ್ತು. ತಳದಲ್ಲಿ ಒಂದೇ ಒಂದು ಹಿಡಿ ಹಿಟ್ಟು, ಅದರ ಮೇಲೆ ಒಂದು ಬಟ್ಟಲು ಕವುಚಿತ್ತು. ಚಿಕ್ಕ ಮಗಳು ನನ್ನ ಹಿಂದೆಯೇ ಬಂದು ಗಡಿಗೆಗೆ ಕೈ ಹಾಕಿದಳು. ತಾಯಿ ಅವಳ ಕೈ ಹಿಡಿದಳು.

"ಮುಟ್ಟಬ್ಯಾಡ ಬೇ. ಅದು ಅಯ್ಯನೋರದು."

"ನಿನ್ನಿನೂ ರೊಟ್ಟಿ ಕೊಟ್ಟಿಲ್ಲ" ಎಂದಿತು ಮಗು.

ನಾನು ತಿಂದ ಎರಡೂವರೆ ರೊಟ್ಟಿ ಎಲ್ಲಿಂದ ಬಂದಿದ್ದವು ಎಂದು ಆಗ ಗೊತ್ತಾಯಿತು. ನಾಚಿಕೆಯಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು, ಅದೂ ಅವಳ ಮೇಲೆ. ಸ್ವಲ್ಪ ಹೊತ್ತಿಗೆ ಗಂಟೆ ಕೇಳಿಸಿತು. ಅಯ್ಯನವರು ಹಲ್ಲಿಲ್ಲದ ಮುದುಕ, ಹೆಗಲ ಮೇಲೆ ತೇಪೆ ಹಾಕಿದ ಜೋಳಿಗೆ. ಅವಳು ಆ ಹಿಡಿ ಹಿಟ್ಟನ್ನು ಬಳಿದು ತಂದು, ಹೊಸ್ತಿಲಲ್ಲಿ ನಿಂತು ಎರಡೂ ಕೈಯಿಂದ ಹಾಕಿದಳು. ಮಕ್ಕಳಿಬ್ಬರೂ ಬಾಗಿ ನಮಸ್ಕಾರ ಮಾಡಿದವು. ಆ ಹೊತ್ತು ಅವಳ ಮುಖದಲ್ಲಿ ಇದ್ದ ಬಿಗುಮಾನವನ್ನು ಕಂಡು ನನಗೆ ಅವಳ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಇದನ್ನು ಸುಳ್ಳು ಮಾಡಿ ಬರೆಯಲಾರೆ, ಹಾಗೇ ಅನ್ನಿಸಿತು.

ಆವತ್ತೇ ಮಧ್ಯಾಹ್ನ ಗುಡಿಯಂಗಳದಲ್ಲಿ ಚೀಟಿ ಹಂಚಿದೆ. ಹೊಲಗೇರಿಯ ಹೆಂಗಸರು ಅಂಗಳದ ಹೊರಗೆ ಬಿಸಿಲಲ್ಲಿ ಕೂತಿದ್ದರು. ಅವರ ಚೀಟಿಗಳನ್ನು ಒಳಗಿನವರು ಒಂದು ಮಾತೂ ಆಡದೆ ಕೊನೆಯ ಗುಂಪಿಗೆ ಎಸೆದರು. ಅದಕ್ಕೆ ಚರ್ಚೆ ಬೇಕಾಗಲಿಲ್ಲ, ನಮ್ಮ ಪದ್ಧತಿಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಕೈಯ ಚಿತ್ರದ ಚೀಟಿ ಬಂದಾಗ ಊರ ಗೌಡ್ತಿ ಅದನ್ನು ಎತ್ತಿ ಎರಡನೆಯ ಗುಂಪಿಗೆ ಇಟ್ಟಳು. ಗೌಡ್ತಿ ದೊಡ್ಡ ಹೊಲದ ಮನೆಯ ಹಿರಿಯ ಹೆಂಗಸು. ಅವಳು ಇಟ್ಟ ಚೀಟಿಯನ್ನು ತೆಗೆಯುವ ಎದೆ ಬೇರೆಯವರಿಗಿರಲಿಲ್ಲ.

"ಉಂಡು ಕೊಡೋ ಮನಿ ಅದು" ಎಂದಳು ಗೌಡ್ತಿ.

ಆ ಮನೆಯ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ಮನೆಯ ಮುಸಲರ ಹೆಂಗಸು ಮಾತ್ರ ಸುಮ್ಮನಿರಲಿಲ್ಲ. "ಖರೇ ಹೇಳ್ರಿ ಜರಾ. ಅಕಿ ಒಲ್ಯಾಗ ಬೆಕ್ಕು ಮಲಗಾಕತ್ತದ. ನಂಗ ಗ್ವಾಡಿ ಹಿಂದ ಎಲ್ಲಾ ಕೇಳಸ್ತದ."

ಎಲ್ಲರೂ ಆ ಹೆಂಗಸಿನ ಕಡೆ ತಿರುಗಿದರು. ಅವಳು ಮಕ್ಕಳನ್ನು ಮಗ್ಗುಲಿಗೆ ಕೂರಿಸಿಕೊಂಡು ಅಲ್ಲೇ ಕೂತಿದ್ದಳು. ಸೆರಗು ಸರಿಮಾಡಿಕೊಂಡು, "ಗೌಡ್ತ್ಯಾರು ಇಟ್ಟಲ್ಲೇ ಇರಲಿ ಬಿಡ್ರಿ. ನಂದೆಲ್ಲಾ ಚಲೋ ಅದ" ಎಂದಳು. ಚೀಟಿ ಅಲ್ಲೇ ಉಳಿಯಿತು. ನಾನು ಬಾಯಿ ಹಾಕಲಿಲ್ಲ, ನಿಯಮವಿತ್ತಲ್ಲ.

ಆದರೆ ನಿಯಮಕ್ಕೆ ಹಿಂಬಾಗಿಲೂ ಇತ್ತು. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಚೀಟಿ ಹಂಚಬೇಕು, ಊರು ತನ್ನ ಮಾತನ್ನು ತಿದ್ದಿಕೊಳ್ಳಲು ಅವಕಾಶ ಕೊಡಬೇಕು. ಊರಿನ ಬಾಯಿ ಬದಲಾಗಬೇಕಾದರೆ ಊರು ಕಣ್ಣಾರೆ ಏನಾದರೂ ಕಾಣಬೇಕು. ನಾನು ಅವಳ ಮುಂದೆ ಕೂತು, "ಮುಂದಿನ ಸೋಮವಾರ ಅಯ್ಯನೋರು ಬಂದ್ರ ಇಲ್ಲ ಅನ್ನು. ಓಣಿಗೆ ಕೇಳೋ ಹಂಗ ಅನ್ನು" ಎಂದೆ.

ಅವಳು ನಕ್ಕಳು. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಅಲ್ಲವೆಂದು ತಿಳಿದ ಮೇಲೆ, "ಹಂಗ ಅನಬಾರದ್ರಿ ಅಕ್ಕೋರ. ನಮ್ಮತ್ತಿ ಸಾಯೂಮುಂದ ಅದೊಂದ ಹೇಳಿ ಸತ್ತಾಳ" ಎಂದಳು.

"ನಿನ್ನ ಮಕ್ಕಳು ಸತ್ತರ ಅತ್ತಿ ಬರ್ತಾಳೇನು?"

ನನ್ನ ಬಾಯಿ ಆ ದಿನ ಸೊಗಸಾಗಿ ಓಡುತ್ತಿತ್ತು. ಬಸವಣ್ಣ ಹೇಳಿದ್ದು ದುಡಿದು ಕೊಡು ಎಂದು, ಮಕ್ಕಳ ಬಾಯಿಂದ ಕಿತ್ತು ಕೊಡು ಎಂದಲ್ಲ ಎಂದೆ. ನೀನು ತಾಯಿಯೇ ಅಲ್ಲ ಎಂದೆ. ನಿನ್ನ ಹೆಸರಿನ ಹುಚ್ಚಿಗೆ ಹುಡುಗಿಯರನ್ನು ಬಲಿ ಕೊಡುತ್ತೀಯ ಎಂದೆ. ಅವಳು ಅಳಲಿಲ್ಲ, ಚಿಕ್ಕವಳ ತಲೆ ಸವರುತ್ತ ಕೂತಿದ್ದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

"ನಾಳೆ ಮಂದಿ ಏನರ ಅಂದ್ರ?"

"ನಾ ಅದೇನಿ. ನಾನೇ ಅನಿಸಿದ್ದು ಅಂತ ಎಲ್ಲರ ಮುಂದ ಹೇಳ್ತೇನಿ."

"ಆಣಿ ಮಾಡ್ರಿ."

ಮಗುವಿನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಆಣೆ ಪ್ರಮಾಣಗಳಲ್ಲಿ ನನಗೆ ನಂಬಿಕೆ ಇರಲಿಲ್ಲ, ಆದ್ದರಿಂದ ಮಾಡುವುದು ಸುಲಭವಾಯಿತು.

ಆ ಸೋಮವಾರ ನಾನು ಎದುರುಗಡೆಯ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಓಣಿಯ ಹೆಂಗಸರು ನೀರು ಹೊತ್ತು ತರುವ ಹೊತ್ತು, ನಾನೇ ಆರಿಸಿದ ಹೊತ್ತು. ಅಯ್ಯನವರು ಅವಳ ಬಾಗಿಲಲ್ಲಿ ನಿಂತು ಗಂಟೆ ಬಾರಿಸಿದರು. ಅವಳು ಬರಿಗೈಯಲ್ಲಿ ಹೊಸ್ತಿಲಿಗೆ ಬಂದಳು. ಮುದುಕನಿಗೆ ಕಣ್ಣು ಮಂದ, ಅವಳು ಹಿಟ್ಟು ಹಿಡಿದು ನಿಂತಿದ್ದಾಳೆ ಎಂದುಕೊಂಡು ಜೋಳಿಗೆಯ ಬಾಯಿಯನ್ನು ಇನ್ನಷ್ಟು ಅಗಲ ಮಾಡಿದರು. ಅವಳು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ.

"ಮುಂದಕ್ಕ ಹೋಗ್ರಿ ಅಯ್ಯನೋರ" ಎಂದಳು. "ಮನ್ಯಾಗ ಏನಿಲ್ಲ."

"ಯಾಕ ತಾಯಿ, ಮೈಯಾಗ ಆರಾಮ ಇಲ್ಲೇನು?"

"ಏನಿಲ್ಲರಿ. ಮುಂದಕ್ಕ ಹೋಗ್ರಿ."

ನೀರಿನ ಕೊಡ ಹೊತ್ತವರು ನಿಂತುಬಿಟ್ಟರು. ಅಯ್ಯನವರು ಜೋಳಿಗೆಯನ್ನು ಮಡಚಿ ಹೆಗಲಿಗೇರಿಸಿ, ಅವಳಿಗೆ ಒಳ್ಳೆಯದಾಗಲಿ ಎಂದು ಕೈಯೆತ್ತಿ ಮುಂದೆ ಹೋದರು. ಅವರು ಶಾಪ ಹಾಕಿದ್ದರೆ ಊರು ಅವಳ ಪಕ್ಷ ವಹಿಸುತ್ತಿತ್ತೇನೋ. ಮುದುಕ ದೊಡ್ಡತನ ತೋರಿಸಿದ. ಅದರ ಮುಂದಿನ ಸೋಮವಾರದಿಂದ, ಆಕೆಗೆ ಮುಜುಗರವಾಗಬಾರದೆಂದು, ಆ ಮನೆಯ ಮುಂದೆ ಗಂಟೆಯನ್ನು ಕೈಯಲ್ಲಿ ಒತ್ತಿ ಹಿಡಿದು ಸದ್ದಿಲ್ಲದೆ ದಾಟತೊಡಗಿದ. ಹಿಂದಿನ ಮನೆಯ ತನಕ ಗಂಟೆ, ಮುಂದಿನ ಮನೆಯಿಂದ ಮತ್ತೆ ಗಂಟೆ. ನಡುವೆ ಅವಳ ಮನೆ ಎಂಬುದು ಇಡೀ ಓಣಿಗೆ ವಾರಕ್ಕೊಮ್ಮೆ ಕೇಳಿಸುತ್ತಿತ್ತು.

ಎರಡನೆಯ ಸಲ ಚೀಟಿ ಹಂಚಿದಾಗ ಗೌಡ್ತಿ ಕೈಯ ಚಿತ್ರವನ್ನು ಎತ್ತಿ, ನೋಡಿ, ಏನೂ ಹೇಳದೆ ಕೊನೆಯ ಗುಂಪಿಗೆ ಇಟ್ಟಳು. ನಾನು ವರದಿಯಲ್ಲಿ, ಜನ ತಮ್ಮ ತಪ್ಪನ್ನು ತಾವೇ ಕಂಡುಕೊಂಡು ತಿದ್ದಿಕೊಂಡರು ಎಂದು ಬರೆದೆ. ನಿರ್ದೇಶಕರು ಅದನ್ನು ಎರಡು ಸಲ ಓದಿ ನನ್ನ ಬೆನ್ನು ತಟ್ಟಿದರು. ಹೊಸಬರಿಗೆ ಜೇವರ್ಗಿಯಲ್ಲಿ ತರಬೇತಿ ಕೊಡಲು ನನ್ನನ್ನೇ ಕಳಿಸಿದರು. ಅಲ್ಲಿ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಬಣ್ಣದ ಪೆನ್ನು ಹಿಡಿದು, ಮೂಢನಂಬಿಕೆಯಿಂದ ಹೊರಬಂದ ಒಬ್ಬ ತಾಯಿಯ ಕಥೆ ಹೇಳಿದೆ. ಹುಡುಗ ಹುಡುಗಿಯರು ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಊಟಕ್ಕೆ ಶಾವಿಗೆ ಪಾಯಸವಿತ್ತು.

ಆ ಬೇಸಿಗೆಯಲ್ಲಿ ಆ ಊರಲ್ಲಿ ಮದುವೆಗಳು ಬಹಳ. ಒಬ್ಬರೂ ಅವಳನ್ನು ಶಾವಿಗೆಗೆ ಕರೆಯಲಿಲ್ಲ. ಗೌಡರ ಮನೆಯ ಹಗೇವು ತೆಗೆದರು, ಮೊದಲ ಸೇರು ಗೌಡ್ತಿಯ ಸೊಸೆಯೇ ಅಳೆದಳು. ಕರಜಗಿಯ ಸಂತೆಯಲ್ಲಿ ಅವಳ ನೆರೆಯ ಮುಸಲರ ಹೆಂಗಸು ಸಿಕ್ಕು ಇದನ್ನೆಲ್ಲ ಹೇಳಿದಳು. ನಾನು ಬದನೆಕಾಯಿ ಆರಿಸುತ್ತಿದ್ದೆ. "ನಮ್ಮ ಹಬ್ಬಕ್ಕ ನಾನೊಬ್ಬಾಕಿ ಕರದಿದ್ದೆ. ಬರಲಿಲ್ಲ. 'ನನ್ನ ಕೈ ನಿಮಗ ಬ್ಯಾಡ' ಅಂದಳು. ಹಂಗ್ಯಾಕ ಅಂತೀ ಅಂತ ಕೇಳಿದ್ರ ಬಾಗಿಲ ಹಾಕ್ಕೊಂಡಳು" ಎಂದಳು. ಆಷಾಢ ಬರಲಿ, ಚೀಲಗಳು ಬರುತ್ತವೆ, ಎಲ್ಲ ಸರಿಹೋಗುತ್ತದೆ ಎಂದೆ ನಾನು. ಆಕೆ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ ಹೊರಟುಹೋದಳು.

ಕೆಲವು ದಿನಗಳಿಗೆ ಆ ತಾಯಿಯೇ ಆಳಂದಕ್ಕೆ ಬಂದಳು. ಅಫಜಲಪುರದಲ್ಲಿ ಬಸ್ಸು ಬದಲಿಸಿ, ದಾರಿ ಕೇಳುತ್ತ ಕೇಳುತ್ತ ಮಹಡಿ ಹತ್ತಿ ಬಂದು ನನ್ನ ಮೇಜಿನ ಮುಂದೆ ನಿಂತಳು. ಬಡಕಲಾಗಿದ್ದಳು. ಕೂರು ಎಂದರೂ ಕೂರಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ ಮೇಜಿನ ಮೇಲೆ, ನನ್ನ ಕಾಗದಗಳ ಮೇಲೆ, ಹಿಟ್ಟು ಸುರಿದಳು. ಹುಳ ಆಡುತ್ತಿದ್ದ ಹಿಟ್ಟು.

"ಇದು ಆವತ್ತಿನ ಹಿಟ್ರಿ. ಅಯ್ಯನೋರಿಗಂತ ತಗದಿಟ್ಟದ್ದು. ಇನ್ನಾ ಮುಟ್ಟಿಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಯ್ಯನವರಿಗೆ ಕೊಡಲಿಲ್ಲ ನಿಜ, ಆದರೆ ಅವರ ಪಾಲಿನದೆಂದು ಎತ್ತಿಟ್ಟದ್ದನ್ನು ಮಕ್ಕಳಿಗೂ ಹಾಕಿರಲಿಲ್ಲ. ಯಾವ ಮಕ್ಕಳ ಹೊಟ್ಟೆಯ ಹೆಸರಿನಲ್ಲಿ ನಾನು ಅವಳ ಬಾಯಿಂದ ಆ ಮಾತು ಹೊರಡಿಸಿದ್ದೆನೋ, ಆ ಮಕ್ಕಳಿಗೆ ಆ ಹಿಡಿ ಹಿಟ್ಟು ದಕ್ಕಿರಲೇ ಇಲ್ಲ.

"ಬಂದು ಒಂದ ಮಾತ ಹೇಳ್ರಿ ಅಕ್ಕೋರ" ಎಂದಳು. "ಮನ್ಯಾಗ ಹಿಟ್ಟಿತ್ತು, ನೀವ ಅನಿಸಿದ್ರಿ ಅಂತ. ನಾ ಹೇಳಿದ್ರ ಯಾರೂ ನಂಬವಲ್ರು. ನಿಮ್ಮ ಜ್ವಾಳ ನನಗ ಬ್ಯಾಡ. ನನ್ನ ಕೈ ನನಗ ಕೊಡಸ್ರಿ."

ಮುಂದಿನ ವಾರ ಬರುತ್ತೇನೆ ಎಂದೆ. ಅವಳು ಇಳಿದು ಹೋದ ಮೇಲೆ ಜವಾನನನ್ನು ಕರೆದು ಮೇಜು ಒರೆಸಲು ಹೇಳಿದೆ. ಅವನು ಹಿಟ್ಟನ್ನು ಕಸದ ಮೊರಕ್ಕೆ ಬಳಿದುಕೊಂಡ. ನಿರ್ದೇಶಕರಿಗೆ ವಿಷಯ ತಿಳಿಸಿದೆ, ಎಲ್ಲವನ್ನೂ ತಿಳಿಸಿದೆ. ಅವರು ಕೆಟ್ಟವರಲ್ಲ. ಖಾದಿ ಉಡುತ್ತಿದ್ದರು, ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಕನ್ನಡಕ ಒರೆಸುತ್ತ, "ಶ್ರಾವಣದಲ್ಲಿ ಹೊರದೇಶದವರು ನೋಡಲು ಬರುತ್ತಿದ್ದಾರೆ. ಪಟ್ಟಿಯನ್ನು ನೀನು ತಿರುಚಿದೆ ಎಂದು ಗೊತ್ತಾದರೆ ಒಂದು ಊರಿನದಲ್ಲ, ಮೂರು ತಾಲ್ಲೂಕಿನ ಪಟ್ಟಿಯೂ ಸುಳ್ಳಾಗುತ್ತದೆ. ಒಂದು ಮನೆಗೋಸ್ಕರ ಎಲ್ಲ ಮನೆಯ ಜೋಳ ನಿಲ್ಲಬೇಕೇನು?" ಎಂದರು. ಈ ಮಾತಿಗೆ ಉತ್ತರವಿಲ್ಲ ಎಂದು ಆಗ ಅನ್ನಿಸಿತ್ತು. ನಿಜ ಹೇಳಬೇಕೆಂದರೆ ಉತ್ತರ ಹುಡುಕುವ ಮನಸ್ಸು ನನಗಿರಲಿಲ್ಲ, ನೌಕರಿಯ ಭಯವಿತ್ತು. ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ.

ಶ್ರಾವಣದಲ್ಲಿ ಹೊರದೇಶದವರು ಬಂದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಆ ಹೊತ್ತಿಗೆ ನನ್ನ ವರದಿ ಅವರ ಕೈಯಲ್ಲಿತ್ತು. ಆ ತಾಯಿಯನ್ನೇ ನೋಡಬೇಕೆಂದರು. ಜೀಪು ಓಣಿಯೊಳಗೆ ಹೋಯಿತು. ಅವಳ ಮನೆಯೊಳಗೆ ಸಂಸ್ಥೆಯ ಜೋಳದ ಚೀಲ ಗೋಡೆಗೆ ಒರಗಿ ನಿಂತಿತ್ತು, ಬಾಯಿ ಬಿಚ್ಚಿದ್ದರು, ಹುಡುಗಿಯರು ಮೈ ತುಂಬಿಕೊಂಡಿದ್ದರು. ಅದನ್ನು ನಾನು ಇಲ್ಲವೆನ್ನುವುದಿಲ್ಲ. ಗೌಡ್ತಿಯಿಂದ ಹಿಡಿದು ಇಡೀ ಓಣಿ ಬಾಗಿಲಲ್ಲಿ ನೆರೆದಿತ್ತು. ಬಿಳಿಯ ಹೆಂಗಸು ಅವಳ ಕೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನಾನು ಕನ್ನಡಕ್ಕೆ ತಂದೆ: "ಈ ಕೆಲಸದಿಂದ ನಿನ್ನ ಬದುಕಿನ್ಯಾಗ ಏನು ಬದಲಾತು ಅಂತ ಕೇಳಾಕತ್ತಾರ."

ಅವಳು ಕೈ ಬಿಡಿಸಿಕೊಂಡು ನನ್ನ ಕಡೆ ತಿರುಗಿದಳು.

"ಅಕ್ಕೋರ, ಎಲ್ಲಾರೂ ಇಲ್ಲೇ ಅದಾರ. ಆ ಸೋಮವಾರ ಗಡಗ್ಯಾಗ ಹಿಟ್ಟಿತ್ತು. ಇಲ್ಲ ಅನ್ನು ಅಂತ ನೀವ ಅನಿಸಿದ್ರಿ. ನನ್ನ ಮಗಳ ತಲಿ ಮುಟ್ಟಿ ಆಣಿ ಮಾಡಿದ್ರಿ. ಇವರಿಗೂ ಹೇಳ್ರಿ, ಓಣಿಗೂ ಹೇಳ್ರಿ."

ಓಣಿ ನನ್ನ ಮುಖ ನೋಡಿತು. ಮಾತೇ ಬೇಕಿರಲಿಲ್ಲ, ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಅಂದು ಅವಳಿಗೆ ತಲೆಯಾಡಿಸಿ ಅಪ್ಪಣೆ ಕೊಟ್ಟವಳು ನಾನೇ. ನಿರ್ದೇಶಕರು ನನ್ನ ಮಗ್ಗುಲಲ್ಲೇ ನಿಂತಿದ್ದರು. ನಾನು ಅತಿಥಿಗಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ: ಈಗ ಮನೆಯಲ್ಲಿ ಹಿಟ್ಟಿದೆ ಎನ್ನುತ್ತಾಳೆ, ಮಗಳ ತಲೆ ಮುಟ್ಟಿ ನಿಮಗೆ ಹರಸುತ್ತಾಳೆ. ಬಿಳಿಯ ಹೆಂಗಸಿನ ಕಣ್ಣಲ್ಲಿ ನೀರು ಬಂತು. ಗಂಡಸು ಫೋಟೋ ತೆಗೆದ. ಅವಳಿಗೆ ಇಂಗ್ಲಿಷು ಬರದಿದ್ದರೇನು, ಅವರ ನಗು ನೋಡಿ ನಾನು ಏನು ಹೇಳಿದೆನೆಂದು ಅವಳಿಗೆ ತಿಳಿದುಹೋಯಿತು. ಒಳಗೆ ಹೋಗಿ ಚೀಲದ ಮುಂದೆ, ಫೋಟೋ ತೆಗೆಯುವವನು ಹೇಳಿದಲ್ಲಿ, ನಿಂತುಕೊಂಡಳು.

ಮೂರು ವರ್ಷಕ್ಕೆ ಹಣ ಮುಗಿಯಿತು. ಸಂಸ್ಥೆ ಆ ಊರನ್ನು 'ಸ್ವಾವಲಂಬಿ' ಎಂದು ಬರೆದು ಕೈಬಿಟ್ಟಿತು. ಚೀಲಗಳು ನಿಂತವು. ನಾನು ಜೇವರ್ಗಿಗೆ ಬಡ್ತಿಯ ಮೇಲೆ ಹೋದೆ.

ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಕೆಲಸ ಬಿಟ್ಟಿದ್ದೆ. ಕೆಲಸ ಬಿಟ್ಟವರಿಗೆ ಧೈರ್ಯ ಬರುತ್ತದೆ. ಒಂದು ದಿನ ಬಸ್ಸು ಹತ್ತಿ ಆ ಊರಿಗೆ ಹೋದೆ. ಅವಳ ಮನೆಗೆ ಬೀಗವಿತ್ತು, ಅದಕ್ಕೂ ತುಕ್ಕು ಹಿಡಿದಿತ್ತು. ನೆರೆಯ ಮುಸಲರ ಹೆಂಗಸು ನನ್ನನ್ನು ಕಂಡು ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದಳು: "ಗಂಡನ್ನ ಹುಡುಕ್ತೇನಿ ಅಂತ ಹೋದಳು. ಸೋಲಾಪುರ ಟೇಸನ್ಯಾಗ ನಮ್ಮಂವ ನೋಡ್ಯಾನ. ಮುಂದ ಅರಿವಿ ಹಾಸ್ಕೊಂಡು ಭಿಕ್ಷಾಕ್ಕ ಕೂತಿದ್ದಳಂತ. ದೊಡ್ಡ ಹುಡುಗಿ ಇತ್ತು. ಸಣ್ಣದು ಇರಲಿಲ್ಲಂತ." ಯಾವ ತಲೆಯ ಮೇಲೆ ಕೈಯಿಟ್ಟಿದ್ದೆನೋ ಅದು ಸಣ್ಣದರ ತಲೆ.

ಸೀದಾ ಗೌಡರ ಮನೆಗೆ ಹೋದೆ. ಗೌಡ್ತಿಗೆ ವಯಸ್ಸಾಗಿತ್ತು, ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ನಾಲ್ಕಾರು ಹೆಂಗಸರು ಶಾವಿಗೆ ಹೊಸೆಯುತ್ತಿದ್ದರು. ಅವರೆಲ್ಲರ ಎದುರಿಗೆ, ಬಸ್ಸಿನುದ್ದಕ್ಕೂ ಮನಸ್ಸಿನಲ್ಲಿ ಹೊಂದಿಸಿಕೊಂಡು ಬಂದದ್ದನ್ನು ಹೇಳಿದೆ. ಆವತ್ತು ಗಡಿಗೆಯಲ್ಲಿ ಹಿಟ್ಟಿತ್ತು. ಇಲ್ಲವೆನ್ನು ಎಂದು ಅವಳಿಗೆ ಕಲಿಸಿದವಳು ನಾನು. ತಪ್ಪೆಲ್ಲ ನನ್ನದು.

ಹೆಂಗಸರ ಕೈ ನಿಲ್ಲಲಿಲ್ಲ. ಗೌಡ್ತಿ, "ಹಿಟ್ಟಿದ್ದದ್ದು ನಮಗ ಆವತ್ತೇ ಗೊತ್ತಿತ್ತು" ಎಂದಳು.

"ಗೊತ್ತಿದ್ದೂ ಅವಳನ್ನ ಕರೀಲಿಲ್ಲ?"

"ಅಕಿ ಹಸದಿರ್ತಾಳ ಅನ್ನೂದೂ ಗೊತ್ತಿತ್ತು. ಕೈಗುಣ ಅಂತ ಸುಮ್ಮ ಕರೀತಿದ್ವೇನ್ರಿ ನಾವು? ಗಂಡ ಬಿಟ್ಟುಹೋದಾಕಿ, ಹಿಂಗ ಕೊಟ್ರ ಇಸ್ಕೊಳ್ಳಾಕಿ ಅಲ್ಲ. ಅದಕ್ಕ ನಮ್ಮ ಹಿರ್ಯಾರು ಅಕಿ ಕೈಗೊಂದು ಹೆಸರು ಇಟ್ಟು, ಆ ನೆವದಾಗ ಉಣಿಸಿ ಕಳಸ್ತಿದ್ರು. ಯಾರೂ ಬಾಯಿ ಬಿಟ್ಟು ಹೇಳ್ತಿರಲಿಲ್ಲ. ಅಯ್ಯನೋರಿಗೆ ಇಲ್ಲ ಅಂದ ಕೈನ ಮತ್ತ ಯಾವ ನೆವ ಹೇಳಿ ಕರೀಬೇಕಾಗಿತ್ತು?"

ನನಗೆ ಸಿಟ್ಟು ಬಂತು. ಈ ಸಲವೂ ಸಿಟ್ಟೇ. "ನೆವ ಇಲ್ಲದ ಹಂಗೇ ಕೊಡಬಹುದಿತ್ತಲ್ಲ!" ಎಂದು ಕೂಗಿದೆ.

"ಅದನ್ನ ನೀವು ಕೊಟ್ರಲ್ಲಾ ಮೂರು ವರ್ಷ" ಎಂದಳು ಗೌಡ್ತಿ. ಚಾಚಿದ ಕಾಲು ಮಡಚಿಕೊಂಡು ಮತ್ತೆ ಹೇಳಿದಳು: "ಬಿಳೇ ಮಂದಿ ಬಂದ ದಿನ ಅಕಿ ಓಣಿ ಮುಂದ ಹೇಳಿದಳು. ನಾವೆಲ್ಲಾ ನಿಮ್ಮ ಮಾರಿ ನೋಡಿದ್ವಿ. ನೀವು ಹೌದು ಅಂದಿದ್ರ ತಪ್ಪು ನಿಮ್ಮ ಮ್ಯಾಲ ಹೋಗ್ತಿತ್ತು, ಪರಊರಾಕಿ, ನಿಮಗೇನಾಗ್ತಿತ್ತು? ಅಕಿ ಕೈ ಅಕಿಗೆ ಬರ್ತಿತ್ತು. ಮರುದಿನಾನೇ ಕರದು ಹಿಟ್ಟು ಕಲಸಸ್ತಿದ್ದೆ ನಾನು. ನಾ ಕಾಯಾಕತ್ತಿದ್ದೆ. ನೀವು ಇಂಗ್ಲಿಷ್ ಮಾತಾಡಿದ್ರಿ."

ಇನ್ನು ಹೇಳಿ ಏನಾಗಬೇಕು ಎಂದು ಎದ್ದೆ. ಗೌಡ್ತಿ ಸೊಸೆಯನ್ನು ಕರೆದು, "ಅಕ್ಕೋರು ದೂರ ಹೋಗಬೇಕು, ಬುತ್ತಿ ಕಟ್ಟಿಕೊಡು. ಹೇಳಿ ಹಗುರ ಆಗ್ಯಾರ, ಹಸಿವು ಆಗತದ" ಎಂದಳು. ಅದನ್ನು ಅವಳು ಚುಚ್ಚಿ ಹೇಳಿದಳೋ, ಮರ್ಯಾದೆಗೆ ಹೇಳಿದಳೋ, ಅವಳ ಮುಖದಿಂದ ತಿಳಿಯಲಿಲ್ಲ. ಸೊಸೆ ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೈಗಿಟ್ಟಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹಗುರವಾಗಿದ್ದದ್ದು ನಿಜ, ಹಸಿವಾಗಿದ್ದದ್ದೂ ನಿಜ. ಮಣ್ಣೂರ ದಾಟುವಾಗ ಬುತ್ತಿ ಬಿಚ್ಚಿದೆ. ಅಫಜಲಪುರ ಬರುವಷ್ಟರಲ್ಲಿ ಅದರಲ್ಲಿ ಒಂದು ಚೂರೂ ಉಳಿಸಿರಲಿಲ್ಲ.